ಕಣ್ಣಿಲ್ಲದವರ ಓದಿಗೆ ನಮ್ಮ ಪಾಲು
(ಸಂಘದ ಗ್ರಂಥಾಲಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಳೆಯ ಗ್ರಂಥಗಳನ್ನು ಸ್ಕ್ಯಾನ್ ಮಾಡಿಸಿ ಹೆಮ್ಮೆಪಟ್ಟೆವು. ಆದರೆ ಅಂಧ ಸದಸ್ಯರ ಗಣಕಕ್ಕೆ ಅವು ಬರಿಯ ಚಿತ್ರಗಳು. ಚಿತ್ರದಿಂದ ಅಕ್ಷರವನ್ನು ಹೆಕ್ಕಿಕೊಡುವ ತಂತ್ರಾಂಶವಿಲ್ಲದಿದ್ದರೆ, ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಕೂಡ ಅಲ್ಲಿ ಮೂಕವೇ.

ಅಂತಹ ತಂತ್ರಾಂಶವೊಂದುಂಟು: ಟೆಸೆರಾಕ್ಟ್. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ 1985ರಿಂದ 1994ರವರೆಗೆ ಬೆಳೆಸಿ ಮೂಲೆಗಿಟ್ಟಿದ್ದ ಅದು 2005ರಲ್ಲಿ ಸರ್ವರಿಗೂ ಮುಕ್ತವಾಯಿತು. ಮರುವರ್ಷ ಗೂಗಲ್ ಅದರ ಪೋಷಣೆಗೆ ನಿಂತಿತು. ಇಂದು ಕನ್ನಡವನ್ನೂ ಓದುತ್ತದೆ. ಆದರೆ ಹಳೆಯ ಅಚ್ಚಿನಲ್ಲಿ ಒತ್ತು ಮಸುಕಾಗಿದ್ದರೆ ‘ಕಟ್ಟು’ ಎಂಬುದು ‘ಕಟು’ವಾಗಿಬಿಡಬಹುದು! ಇದನ್ನು ಸರಿಪಡಿಸಲು ಪುಟದ ಚಿತ್ರವೂ, ಸಾಲುಸಾಲಾಗಿ ತಿದ್ದಿದ ಅದರ ಪಠ್ಯವೂ ಜೋಡಿಯಾಗಿ ಬೇಕು. ಬೇಸರದ ದುಡಿಮೆ ಅದು.

ಉಚಿತವೆಂಬುದು ಬಳಸುವವರಿಗೆ; ದುಡಿಯುವವರಿಗೂ ಹೊಟ್ಟೆಯಿದೆ. 2006ರಲ್ಲಿ ಎನ್‌ವಿಡಿಎಯನ್ನು ಆರಂಭಿಸಿದ ಆಸ್ಟ್ರೇಲಿಯದ ಮೈಕಲ್ ಕರನ್ ಸ್ವತಃ ಅಂಧರು; ದೇಣಿಗೆಯೂ ಅನುದಾನವೂ ಸೇರಿ ಆ ಕಾರ್ಯ ಉಳಿದುಬಂದಿದೆ.

ಹಕ್ಕುಸ್ವಾಮ್ಯದ ಅಂಜಿಕೆ ಬೇಡ. ಅಂಗವಿಕಲರ ಓದಿಗೆ 2012ರ ತಿದ್ದುಪಡಿ ವಿನಾಯಿತಿ ನೀಡಿದೆ. ರಾಜ್ಯೋತ್ಸವದ ಶಾಮಿಯಾನಕ್ಕೆ ಎತ್ತುವ ಚಂದಾದಲ್ಲಿ ಒಂದು ಪಾಲನ್ನು ಕರಡು ತಿದ್ದುವವರಿಗೆ ಮೀಸಲಿಡೋಣ. ತಿದ್ದಿದ ಪುಟಗಳನ್ನು ನಮ್ಮ ಕಪಾಟಿನಲ್ಲಿಡದೆ ತಂತ್ರಾಂಶ ಕಟ್ಟುವವರಿಗೆ ಮುಕ್ತವಾಗಿ ಒಪ್ಪಿಸೋಣ. ಮೊದಲ ನೂರು ಪುಟ ನಾನು ತಿದ್ದುತ್ತೇನೆ. ಕನ್ನಡಕ ಬದಲಿಸಬೇಕಾದೀತು, ಅಷ್ಟೆ.