ಶಿಶುವಿಹಾರದಲ್ಲಿ ಚಳಿಗಾಲ

(ದಾವಣಗೆರೆಯಲ್ಲಿ ಅಂಗನವಾಡಿ ಮತ್ತು ಶಿಶುವಿಹಾರಗಳ ಉಪಾಧ್ಯಾಯಿನಿಯರೂ ಮಕ್ಕಳ ತಂದೆತಾಯಂದಿರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಷದವರು ಬಂದರೆಂದರೆ ಕೂಲಿ, ಬೋನಸ್ಸು, ತೆರಿಗೆಯ ಮಾತೇ ಇರುತ್ತದೆಂದು ತಾವು ಎಣಿಸಿ ಬಂದಿರಬಹುದು. ಇಂದು ನಾವು ಮಾತನಾಡಲಿರುವುದು ನಾಲ್ಕು ವರ್ಷದ ಮಗುವಿಗೆ ಚಳಿಗಾಲವನ್ನು ಹೇಗೆ ಪರಿಚಯ ಮಾಡಿಸಬೇಕು ಎಂಬುದರ ಬಗ್ಗೆ. ಇದೇನು ಸಣ್ಣ ವಿಷಯ ಎಂದು ಯಾರಿಗಾದರೂ ತೋರಿದರೆ, ಮಗುವಿನ ಚೀಲದಲ್ಲಿ ಬಂದ ಚೀಟಿಯನ್ನು ಅವರು ಒಮ್ಮೆ ಬಿಚ್ಚಿ ನೋಡಲಿ. ಚಳಿಗಾಲದ ದಿನಾಚರಣೆಗೆ ಬಿಳಿ ಅಂಗಿ, ಕೆಂಪು ಟೊಪ್ಪಿಗೆ, ಒಂದು ಸುರುಳಿ ಹತ್ತಿ, ಥರ್ಮೋಕೋಲ್ ಹಾಳೆ, ಗೋಂದು. ದಿನಗೂಲಿಯವನಿಗೆ ಇದು ಒಂದು ದಿನದ ದುಡಿಮೆ. ಆ ಬಿಳಿ ಅಂಗಿಯನ್ನು ಮಗು ಮತ್ತೊಮ್ಮೆ ತೊಡುವುದೂ ಇಲ್ಲ.

ಹಣದ ಮಾತು ಹಾಗಿರಲಿ. ಆ ಹತ್ತಿಯಿಂದ ಮಾಡುವುದೇನು? ಅದನ್ನು ಹಾಳೆಗೆ ಅಂಟಿಸಿ, ಅದಕ್ಕೆರಡು ಕಣ್ಣು, ಒಂದು ಕ್ಯಾರೆಟ್ಟಿನ ಮೂಗು ಇಟ್ಟು, ಇದು ಹಿಮದ ಮನುಷ್ಯ ಎಂದು ಹೇಳಿಕೊಡುವುದು. ಬಂಧುಗಳೇ, ಇದು ದಾವಣಗೆರೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ಊರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅದು ಬೇರೆ ಕಥೆ. ಆದರೂ ಇಲ್ಲಿ ಕುಳಿತವರಲ್ಲಿ ಅಜ್ಜನೋ ಅಪ್ಪನೋ ಹತ್ತಿಯ ನಡುವೆ ದುಡಿದವರು ಎಷ್ಟು ಮಂದಿಯಿಲ್ಲ! ಅಂಥವರ ಮೊಮ್ಮಗು ಕೈಯಲ್ಲಿ ಹತ್ತಿ ಹಿಡಿದುಕೊಂಡು 'ಇದು ಸ್ನೋ' ಎನ್ನುತ್ತದೆ. ಹತ್ತಿ ಎಂಬ ಮಾತನ್ನೇ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು ತೊಡಕನ್ನೂ ನೋಡಿ. ನಮ್ಮ ಕನ್ನಡದಲ್ಲಿ ಮಂಜು ಎಂದರೆ ಬೆಳಗಿನ ಮುಸುಕು, ಹುಲ್ಲಿನ ಮೇಲಿನ ಹನಿ. ಹಿಮಾಲಯದ ಹಿಮಕ್ಕೂ ಅದೇ ಮಾತು. ಮುಂಜಾನೆ ಅಪ್ಪನ ಸೈಕಲ್ಲಿನಲ್ಲಿ ಕುಳಿತು ಬರುವಾಗ ಮಗು ಮಂಜನ್ನು ಕಂಡಿರುತ್ತದೆ, ಮೈಮೇಲೆ ಅದರ ತಣ್ಣನೆಯನ್ನು ಉಂಡಿರುತ್ತದೆ. ಶಾಲೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದರೆ, 'ಅಲ್ಲ, ಮಂಜು ಎಂದರೆ ಇದು' ಎಂದು ಭಿತ್ತಿಚಿತ್ರ ತೋರಿಸುತ್ತಾರೆ. ತಾನು ಕಂಡದ್ದು ಪಾಠವಲ್ಲ, ತಾನು ಕಾಣದ್ದೇ ಪಾಠ ಎಂದು ಮಗು ಅಂದೇ ಕಲಿತುಕೊಳ್ಳುತ್ತದೆ. ನಾವು ಕೆಲವು ವರ್ಷ ಕರಿಹಲಗೆಯ ಮುಂದೆ ನಿಂತವರು. ಮೂರನೆಯ ತರಗತಿಗೆ ಬರುವ ಹೊತ್ತಿಗೆ ಮಾತೇ ಆಡದೆ ಕೂರುವ ಮಕ್ಕಳನ್ನು ನೋಡಿದ್ದೇವೆ. ಆ ಮೌನ ಬೆಳೆಯಲು ಆರಂಭವಾಗುವುದು ಇಲ್ಲಿಂದಲೇ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ವಿದೇಶದ್ದೆಲ್ಲ ಕೆಟ್ಟದ್ದೆಂದು ನಾವು ಹೇಳಹೊರಟಿಲ್ಲ. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಕೊಟ್ಟವರು ಜರ್ಮನಿಯ ಫ್ರೋಬೆಲ್. ಮಕ್ಕಳ ತೋಟ ಎಂದು ಅದರ ಅರ್ಥ. ಅವರಲ್ಲಿ ಬಾಗಿಲು ತೆರೆದರೆ ಹಿಮ. ಅಲ್ಲಿಯ ಮಗು ಹಿಮದ ಮನುಷ್ಯನನ್ನು ಮಾಡಿದರೆ ಅದು ಅಂಗಳದ ವಸ್ತುವಿನಿಂದ ಆಡಿದಂತಾಯಿತು. (1851ರಲ್ಲಿ ಪ್ರಷ್ಯಾ ಸರ್ಕಾರ ಈ ಶಿಶುಶಾಲೆಗಳು ಸಮಾಜವಾದ, ನಾಸ್ತಿಕತೆ ಹರಡುತ್ತವೆಂದು ನಿಷೇಧಿಸಿತು, 1860ರವರೆಗೆ! ಎಳೆಯ ಮಕ್ಕಳ ಆಟಕ್ಕೂ ಹೆದರಿದ ಸರ್ಕಾರಗಳಿದ್ದವು.)

ಅದಕ್ಕೂ ಮುಂಚಿನ ಒಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ ಹೊಳೆಯ ನೀರಿನಿಂದ ಓಡುವ ಹತ್ತಿ ಗಿರಣಿಗಳಿದ್ದವು. ಅಲ್ಲಿ ರಾಬರ್ಟ್ ಓವೆನ್ 1816ರ ಜನವರಿ 1ರಂದು, ನಡುಚಳಿಗಾಲದಲ್ಲೇ, ಕಾರ್ಮಿಕರ ಮಕ್ಕಳಿಗಾಗಿ ವಿದ್ಯಾಸಂಸ್ಥೆಯೊಂದನ್ನು ತೆರೆದರು. ನಡೆಯಲು ಕಲಿತ ಕೂಸುಗಳಿಗೂ ಅದರಲ್ಲಿ ಜಾಗವಿತ್ತು. ಅವರು ಆರಿಸಿಕೊಂಡ ಗುರುಗಳು ಯಾರು? ಜೇಮ್ಸ್ ಬುಕಾನನ್ ಎಂಬ ನೇಕಾರ, ಮೋಲಿ ಯಂಗ್ ಎಂಬ 17 ವರ್ಷದ ಹುಡುಗಿ. ಎಳೆಯರಿಗೆ ಪುಸ್ತಕದ ಕಾಟ ಕೊಡಬಾರದು, ಸುತ್ತಮುತ್ತಲಿನ ವಸ್ತುಗಳ ಗುಣವನ್ನೂ ಬಳಕೆಯನ್ನೂ ಸಲಿಗೆಯ ಮಾತಿನಲ್ಲಿ ತಿಳಿಸಬೇಕು ಎಂಬುದು ಓವೆನ್ನರ ಕಟ್ಟಪ್ಪಣೆ. ಅವರು ಗಿರಣಿಯ ಮಾಲೀಕರೇ ಆಗಿದ್ದರು ಎಂಬುದನ್ನು ನಮ್ಮೂರ ಮಾಲೀಕರಿಗೆ ಯಾರಾದರೂ ತಿಳಿಸಿದರೆ ಒಳ್ಳೆಯದು. ನಾವು ಆ ದೇಶಗಳಿಂದ ಹಿಮದ ಚಿತ್ರವನ್ನು ತಂದೆವು, ಈ ರೀತಿಯನ್ನು ತರಲಿಲ್ಲ.

ಇನ್ನು ನಮ್ಮ ಚಳಿಗಾಲಕ್ಕೆ ಬರೋಣ. ಡಿಸೆಂಬರ್ ಜನವರಿಯಲ್ಲಿ ಏನು ಮಾಡಿಸಬಹುದು?

ಮೊದಲು ಮಗುವಿನ ಮೈ. ನಡುಗುವ ಮಗು ಏನನ್ನೂ ಕಲಿಯದು. ಬೆಳಿಗ್ಗೆ ಬಂದೊಡನೆ ಕತ್ತಲ ಕೋಣೆಯಲ್ಲಿ ಕೂರಿಸದೆ ಎಳೆಬಿಸಿಲಿನ ಗೋಡೆಗೆ ಬೆನ್ನು ಕೊಟ್ಟು ಕೂರಿಸಿ. ಅಲ್ಲಿಯೇ ಪಾಠ. ಚಳಿಗೆ ಒಡೆದ ಕಾಲಿನ ಮೇಲೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡುತ್ತದೆ. ನಮ್ಮ ಮಕ್ಕಳು ಅದರ ಮೇಲೆ ಅಕ್ಷರ ಬರೆದು ಆಡುತ್ತಾರೆ. ಬೈಯಬೇಡಿ. ಗೀಚಿದ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಗೆರೆ ಎಲ್ಲಿ ಹೋಯಿತು ಎಂದು ಕೇಳಿ.

ಆ ಎಣ್ಣೆಯ ಶೀಸೆಯಲ್ಲೇ ದೊಡ್ಡ ಪಾಠವಿದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಮುಂಜಾನೆ ಗಟ್ಟಿಯಾಗಿ ಬೆಳ್ಳಗಿದ್ದ ಶೀಸೆಯನ್ನು ಮಕ್ಕಳ ಕೈಗೆ ಕೊಡಿ, ಅಲ್ಲಾಡಿಸಲಿ. ಆಮೇಲೆ ಬಿಸಿಲಿಗಿಡಿ. ಆಟ ಮುಗಿಸಿ ಬರುವಷ್ಟರಲ್ಲಿ ಅದು ಕರಗಿ ತಿಳಿಯಾಗಿರುತ್ತದೆ. ಏನಾಯಿತು, ಯಾರು ಕರಗಿಸಿದರು? ಮಕ್ಕಳು ಹೇಳಲಿ. ಆಗ ಹೇಳಿ: ಕಾಶ್ಮೀರದಲ್ಲಿ, ಲಡಾಖಿನಲ್ಲಿ ಚಳಿ ಎಷ್ಟೆಂದರೆ ಅಲ್ಲಿ ನೀರೂ ಹೀಗೆಯೇ ಗಟ್ಟಿಯಾಗುತ್ತದೆ, ಆಕಾಶದಿಂದಲೇ ಹಿಮವಾಗಿ ಉದುರುತ್ತದೆ, ಅಲ್ಲಿಯೂ ನಿಮ್ಮಂಥ ಮಕ್ಕಳಿದ್ದಾರೆ. ಹಿಮವನ್ನು ನಾವು ಶಾಲೆಯಿಂದ ಓಡಿಸುತ್ತಿಲ್ಲ. ಎಣ್ಣೆಯ ಶೀಸೆಯ ಬೆನ್ನ ಹಿಂದೆ ಬರಲಿ ಎನ್ನುತ್ತೇವೆ.

ಹತ್ತಿಗೆ ಬರೋಣ. ಕೊಯ್ಲಿನ ಕಾಲ. ಒಡೆದ ಹತ್ತಿಕಾಯಿಗಳನ್ನು ತೊಳೆಯ ಸಮೇತ ತಂದು ಮಕ್ಕಳ ಮುಂದಿಡಿ. ಒಂದು ಕಾಯಿಯಲ್ಲಿ ಎಷ್ಟು ಎಸಳು? ಒಳಗೆ ಕಾಳು ಎಲ್ಲಿ ಅಡಗಿದೆ? ಕಾಳು ಬಿಡಿಸಿದ ಅರಳೆಯನ್ನು ಬೆರಳುಗಳ ನಡುವೆ ಹೊಸೆದರೆ ದಾರವಾಗುತ್ತದೆ, ಎಳೆದರೆ ತುಂಡಾಗುತ್ತದೆ, ಇನ್ನಷ್ಟು ಹೊಸೆದರೆ ಗಟ್ಟಿಯಾಗುತ್ತದೆ. ಎಣಿಕೆ, ಬೆರಳಿನ ಚಳಕ, ಅಪ್ಪನ ಕೆಲಸದ ಪರಿಚಯ ಎಲ್ಲವೂ ಒಟ್ಟಿಗೇ ಆಯಿತು. ಮನೆಯಿಂದ ಒಂದು ಹಳೆಯ ಕೌದಿ ತರಿಸಿ. ಇದು ಅವ್ವನ ಸೀರೆ, ಇದು ಅಣ್ಣನ ಅಂಗಿ ಎಂದು ತುಂಡು ತುಂಡನ್ನೂ ಮಕ್ಕಳು ಗುರುತಿಸುತ್ತಾರೆ. ಕೌದಿ ಏಕೆ ಬೆಚ್ಚಗೆ? ಪದರಗಳ ನಡುವೆ ಗಾಳಿ ಸಿಕ್ಕಿಬಿದ್ದಿದೆ, ಮೈಯ ಬಿಸಿಯನ್ನು ಅದು ಹೊರಗೆ ಬಿಡದು. ಇಷ್ಟನ್ನು ಉಪಾಧ್ಯಾಯಿನಿಯರು ತಿಳಿದಿರಬೇಕು. ಮಗುವಿಗೆ ಒಂದು ಪದರ, ಎರಡು ಪದರ ಹೊದಿಸಿ ಕೇಳಿದರೆ ಸಾಕು. ಆದರೆ ಕೋಣೆಯಲ್ಲಿ ಹತ್ತಿಯನ್ನು ಹಿಂಜಬೇಡಿ. ಅದರ ದೂಳು ಎದೆಗೆ ಏನು ಮಾಡುತ್ತದೆಂದು ಗಿರಣಿಯಲ್ಲಿ ಕೆಮ್ಮಿದವರಿಗೆ ನಾವು ಹೇಳಬೇಕಾಗಿಲ್ಲ. ಕಾಳನ್ನು ಮೂಗಿಗೆ, ಬಾಯಿಗೆ ಹಾಕಿಕೊಳ್ಳದಂತೆ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಿ.

ನೆರಳಿನ ಆಟವೊಂದಿದೆ, ಖರ್ಚೇ ಇಲ್ಲ. ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನೆಡಿ. ಡಿಸೆಂಬರ್ 21ರ ಆಸುಪಾಸು, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಅದರ ನೆರಳು ಸುಮಾರು 78 ಸೆಂಟಿಮೀಟರ್ ಇರುತ್ತದೆ. ಮಕ್ಕಳು ಅದರ ತುದಿಗೆ ಕಲ್ಲಿಡಲಿ. ವಾರಕ್ಕೊಂದು ಕಲ್ಲು. ಏಪ್ರಿಲ್ ಕೊನೆಗೆ ನೆರಳು ಕೋಲಿನ ಬುಡಕ್ಕೇ ಬಂದು ಮಾಯವಾಗುತ್ತದೆ. ಸಾಲಾಗಿ ಕುಳಿತ ಕಲ್ಲುಗಳನ್ನು ನೋಡಿದ ಮಗುವಿಗೆ ಚಳಿ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂಬುದು ತಾನಾಗಿ ಒಂದಿಷ್ಟು ಹೊಳೆಯುತ್ತದೆ.

ತಿಂಡಿಯ ಮಾತು ಬೇಗ ಮುಗಿಸುತ್ತೇವೆ. ಅವರೆಕಾಯಿ ಸುಲಿಯುವುದು, ಹಸಿ ಕಡಲೆ ಗಿಡದಿಂದ ಕಾಯಿ ಬಿಡಿಸುವುದು, ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಬೇರೆ ಬೇರೆ ಗುಡ್ಡೆ ಮಾಡಿ ಆಮೇಲೆ ಬೆರೆಸುವುದು. ಶೇಂಗಾವನ್ನೂ ಕಡಲೆಯನ್ನೂ ಸಣ್ಣವರಿಗೆ ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಪುಡಿ ಮಾಡಿ ಕೊಡಿ. ಬೆರೆಸಿದ್ದನ್ನು ಎಲ್ಲರೂ ಎಲ್ಲರ ಕೈಯಿಂದ ತಿನ್ನಲಿ. ಯಾರ ಕೇರಿ ಯಾವುದು ಎಂದು ಯಾರೂ ಕೇಳಕೂಡದು.

ಇಷ್ಟನ್ನೆಲ್ಲ ಮಾಡಬೇಕಾದವರು ಯಾರು? 1975ರ ಅಕ್ಟೋಬರ್ 2ರಂದು ತಿರುಮಕೂಡಲು ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಆರಂಭವಾಯಿತು. ಅಂದಿನಿಂದ ಇಂದಿನವರೆಗೆ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟು ಹೇಳಬೇಕಾದರೆ 2022 ಬರಬೇಕಾಯಿತು. ಗಣತಿ, ತೂಕ, ರಿಜಿಸ್ಟರು, ಮೊಬೈಲಿನಲ್ಲಿ ಲೆಕ್ಕ ತುಂಬುವುದು, ಇವೆಲ್ಲದರ ನಡುವೆ ನಾಳೆಯ ಪಾಠವನ್ನು ಯೋಚಿಸಲು ಆ ತಾಯಿಗೆ ಒಂದು ಗಂಟೆಯ ಬಿಡುವನ್ನು ಯಾರು ಕೊಟ್ಟಿದ್ದಾರೆ? ಆ ಗಂಟೆಯನ್ನು ಕೇಳುವುದು ಆಕೆಯೊಬ್ಬಳ ಕೆಲಸವಲ್ಲ, ಮಗುವನ್ನು ಕಳುಹಿಸುವ ನಮ್ಮೆಲ್ಲರ ಕೆಲಸ. ಬರುವ ವಾರ ಅರ್ಜಿ ಬರೆಯೋಣ. ಓದು ಬರುವವರು ಓದಿ, ಬಾರದವರು ಓದಿಸಿಕೊಂಡು ರುಜು ಮಾಡಿ.

ಅಷ್ಟರಲ್ಲಿ ಕೈಲಾದದ್ದನ್ನು ಹಂಚಿಕೊಳ್ಳೋಣ. ಮಂಡಿಯ ಮಿತ್ರರು ಪ್ರತಿ ಕೇಂದ್ರಕ್ಕೂ ಒಂದು ಬುಟ್ಟಿ ಹತ್ತಿಕಾಯಿ ಕೊಡಿಸಲಿ. ಕಿರಾಣಿ ಅಂಗಡಿಯವರು ಎಣ್ಣೆಯ ಶೀಸೆ, ಒಂದು ಸೇರು ಎಳ್ಳು. ಕೋಲು ನೆಟ್ಟು ಅಂಗಳ ಗುಡಿಸುವುದು ರಾತ್ರಿ ಪಾಳಿ ಮುಗಿಸಿ ಬರುವ ನಮ್ಮ ಹುಡುಗರದ್ದು. ಕೌದಿ ಇರುವ ಮನೆಯವರು ಸಭೆ ಮುಗಿದ ಮೇಲೆ ಇಲ್ಲಿ ಹೆಸರು ಬರೆಸಿ ಹೋಗಿ.