‘ಶ್ರೀ’ ಒಡೆಯದಂತೆ ನೋಡಿಕೊಂಡವರು



ಐಟಿ ನೀತಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಟೆಕ್‌ಪಾರ್ಕು, ರಫ್ತಿನ ಲೆಕ್ಕ. ನಾನಿಂದು ನೆರೆಯ ಶ್ರೀಲಂಕಾದ ಮಾತು ಹೇಳಬೇಕೆಂದಿದ್ದೇನೆ. ಸುಮಾರು ಎರಡು ಕೋಟಿ ಜನರ ಆ ದ್ವೀಪ ತನ್ನ ಕಂಪ್ಯೂಟರ್ ನೀತಿ ರೂಪಿಸಿದ್ದು 1983ರಲ್ಲಿ. ಅಂತರ್ಯುದ್ಧ ಹೊತ್ತಿಕೊಂಡದ್ದೂ ಅದೇ ವರ್ಷ. ಮರುವರ್ಷ ‘ಸಿಂಟೆಕ್’ ಎಂಬ ಮಂಡಳಿ ಹುಟ್ಟಿತು, ಪ್ರಾಧ್ಯಾಪಕ ವಿ.ಕೆ. ಸಮರನಾಯಕೆ ಬಹುಕಾಲ ಅದರ ಹೊಣೆ ಹೊತ್ತರು.

ಆ ಮಂಡಳಿ ಕೈಗೆತ್ತಿಕೊಂಡದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಸಿಂಹಳ ಲಿಪಿಗೆ ಸಂಕೇತಗಳನ್ನು ಗೊತ್ತುಮಾಡುವ ಕೆಲಸ. ಫಾಂಟಿಗೊಂದು ಸಂಕೇತವಿದ್ದರೆ ಒಂದು ಕಚೇರಿಯ ಕಡತ ಇನ್ನೊಂದರಲ್ಲಿ ತೆರೆಯದು. ಆ ಪಾಡು ಕನ್ನಡಿಗರಿಗೂ ಗೊತ್ತು. ವರ್ಷಗಟ್ಟಲೆ ಚರ್ಚೆ ನಡೆದು, 1999ರಲ್ಲಿ ಸಿಂಹಳ ಲಿಪಿ, ಜಗತ್ತಿನ ಲಿಪಿಗಳ ಸಾಮಾನ್ಯ ಸಂಕೇತಪಟ್ಟಿಯಾದ ಯೂನಿಕೋಡ್‌ಗೆ ಸೇರಿತು. ಆ ದೇಶದ ಹೆಸರಿನ ‘ಶ್ರೀ’ಯನ್ನೇ ತೆಗೆದುಕೊಳ್ಳಿ. ಸಿಂಹಳದಲ್ಲಿ ಅದು ಮೂಡಲು ಐದು ಸಂಕೇತ ಬೇಕು: ಶಕಾರ, ಹಲಂತ, ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ, ರಕಾರ, ಈಕಾರ. ಆ ಕಾಣದ ಚಿಹ್ನೆಯನ್ನು ಯಾವುದಾದರೂ ತಂತ್ರಾಂಶ ಬೇಡವೆಂದು ಅಳಿಸಿಬಿಟ್ಟರೆ ‘ಶ್’ ಒಂದು ಕಡೆ, ‘ರೀ’ ಒಂದು ಕಡೆ ಬೀಳುತ್ತವೆ. ಯೂನಿಕೋಡ್ ಕನ್ನಡದಲ್ಲಿ ‘ರ‍್ಯಾಂಕ್’ ಎಂದು ಬರೆಯಲು ಬಳಸುವುದೂ ಅದೇ ಚಿಹ್ನೆಯನ್ನು.

ಇಂಥ ಕೆಲಸದಲ್ಲಿ ಕಂಪನಿಗಳಿಗೆ ಲಾಭ ಕಾಣುವುದಿಲ್ಲ, ಆದ್ದರಿಂದ ಸಣ್ಣ ಭಾಷೆಗಳ ಪಾಲಿಗೆ ಅದು ಹಾಗೇ ಉಳಿದುಬಿಡುತ್ತದೆ. ಸರ್ಕಾರ ಕೈಹಾಕಲೇಬೇಕಾದ ಜಾಗ ಇದು ಎಂದು ನಾನು ದೃಢವಾಗಿ ನಂಬಿದ್ದೇನೆ.

2003ರ ಕಾಯ್ದೆಯಿಂದ ಸಿಂಟೆಕ್‌ನ ಜಾಗಕ್ಕೆ ಹೊಸ ಸಂಸ್ಥೆ ಬಂತು. ಹಳ್ಳಿಗಳಲ್ಲಿ ಕಂಪ್ಯೂಟರ್, ಅಂತರ್ಜಾಲ ಒದಗಿಸುವ ‘ನೆನಸಲ’ ಕೇಂದ್ರಗಳು ತೆರೆದವು, ಕೆಲವು ಬೌದ್ಧ ವಿಹಾರಗಳ ಆವರಣದಲ್ಲೇ. ಸರ್ಕಾರಿ ಸೇವೆಗಳ ಮಾಹಿತಿಗೆಂದು 1919 ಎಂಬ ದೂರವಾಣಿ ಸಂಖ್ಯೆ ಬಂತು. ಅಲ್ಲಿ ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಉತ್ತರ ಸಿಗುತ್ತದೆ. ಎಲ್ಲವೂ ಗೆದ್ದಿತೆಂದು ನಾನು ಹೇಳಲಾರೆ. ಸ್ವಂತ ಗಳಿಕೆಯಿಂದ ನೆನಸಲ ಕೇಂದ್ರ ನಡೆಸುವುದು ಬಡ ಊರುಗಳಲ್ಲಿ ಸುಲಭವಲ್ಲ.

ಆದರೆ 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಏನಾಯಿತು ನೋಡಿ. ಕಾಣೆಯಾದವರ ಪಟ್ಟಿ, ಶಿಬಿರಗಳ ವಿವರ, ನೆರವಿನ ಸಾಮಗ್ರಿಯ ಲೆಕ್ಕ ಇಡಲು ಅಲ್ಲಿನ ಸ್ವಯಂಸೇವಕ ಎಂಜಿನಿಯರುಗಳು ಕೆಲವೇ ದಿನಗಳಲ್ಲಿ ‘ಸಹನ’ ಎಂಬ ಮುಕ್ತ ತಂತ್ರಾಂಶ ಕಟ್ಟಿದರು. ಮರುವರ್ಷ ಪಾಕಿಸ್ತಾನದ ಭೂಕಂಪದಲ್ಲೂ ಅದು ಬಳಕೆಯಾಯಿತು. ಯಾವ ನೀತಿಯಲ್ಲೂ ಅದರ ಹೆಸರಿರಲಿಲ್ಲ. ಪಳಗಿದ ಕೈಗಳು ದೇಶದೊಳಗೇ ಇದ್ದವು, ಅಷ್ಟೇ.

ಇಂದು ಪದವಿ ಪಡೆಯುತ್ತಿರುವ ನೀವು ಒಳ್ಳೆಯ ಸಂಬಳದ ಕೆಲಸಕ್ಕೆ ಹೋಗಿ. ಅಪ್ಪ ಅಮ್ಮನ ಸಾಲ ತೀರಲಿ. ಆದರೆ ನಿಮ್ಮಲ್ಲಿ ಕೆಲವರಾದರೂ ಕನ್ನಡದ ಮಾನಕ, ಫಾಂಟು, ಧ್ವನಿ ತಂತ್ರಾಂಶಗಳ ಕೆಲಸಕ್ಕೆ ಬನ್ನಿ. ಅಲ್ಲಿ ಕೈಗಳು ಸಾಲದಾಗಿವೆ.