ಪೋರ್ಟ್ ಆಫ್ ಸ್ಪೇನ್ ಎಂಬ ಹೆಸರಿನ ಹಿಂದೆ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಯ ಮೊದಲ ತಂಡದಲ್ಲಿ ಎಂಟನೇ ತರಗತಿ ಓದಿದವನು ನಾನು. 1976ರ ಏಪ್ರಿಲ್ ತಿಂಗಳಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್ ಬೆನ್ನಟ್ಟಿ ಗೆದ್ದಿತು. ನಮ್ಮ ವಿಶ್ವನಾಥ್ 112 ಹೊಡೆದಿದ್ದರು. ಬ್ರಿಜೇಶ್ ಪಟೇಲ್ ಔಟಾಗದೆ 49. ಹೋಟೆಲಿನಲ್ಲಿ ಒಂದೇ ಪತ್ರಿಕೆಯನ್ನು ಹತ್ತು ಜನ ಓದುತ್ತಿದ್ದೆವು. ಅಲ್ಲಿಗೆ ಬಂದ ನಮ್ಮ ಸಮಾಜದ ಮೇಷ್ಟ್ರು ಕೇಳಿದರು: "ಪಂದ್ಯ ನಡೆದ ಊರು ಪೋರ್ಟ್ ಆಫ್ ಸ್ಪೇನ್. ಆಳಿದವರು ಇಂಗ್ಲಿಷರು. ಹಾಗಾದರೆ ಸ್ಪೇನ್ ಎಲ್ಲಿಂದ ಬಂತ್ರೋ?" ಯಾರಿಗೂ ಉತ್ತರ ತಿಳಿಯಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನು ನಾನು. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಆ ಊರು ಟ್ರಿನಿಡಾಡ್ ದ್ವೀಪದ್ದು. 1498ರಲ್ಲಿ ಕೊಲಂಬಸ್ ಅಲ್ಲಿಗೆ ಬಂದ ಮೇಲೆ ದ್ವೀಪ ಸ್ಪೇನ್ ದೇಶದ್ದಾಯಿತು. ಅಲ್ಲಿದ್ದ ಮೂಲನಿವಾಸಿಗಳು ರೋಗಕ್ಕೂ ದುಡಿತಕ್ಕೂ ಬಹುಪಾಲು ಬಲಿಯಾದರು. 1797ರಲ್ಲಿ ಬ್ರಿಟಿಷರು ದ್ವೀಪವನ್ನು ಗೆದ್ದುಕೊಂಡರು. ಆಳುವವರು ಬದಲಾದರು, ಹೆಸರು ಉಳಿಯಿತು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು.

ಬ್ರಿಟನ್ 1834ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ತನ್ನ ವಸಾಹತುಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಒಡೆಯರಿಗೆ ಪರಿಹಾರವೆಂದು ಬ್ರಿಟನ್ ಎರಡು ಕೋಟಿ ಪೌಂಡ್ ತೆಗೆದಿಟ್ಟಿತು. ತಲೆಮಾರುಗಟ್ಟಲೆ ದುಡಿದವರಿಗೆ ಒಂದು ಬಿಡಿಗಾಸೂ ಇಲ್ಲ. ಆ ಪರಿಹಾರಕ್ಕಾಗಿ ಎತ್ತಿದ ಸಾಲ ತೀರಿದ್ದು 2015ರಲ್ಲಿ!

ಬಿಡುಗಡೆಯಾದವರು ನ್ಯಾಯವಾದ ಕೂಲಿ ಕೇಳಿದರು. ತೋಟದ ಒಡೆಯರಿಗೆ ಅದು ಬೇಕಿರಲಿಲ್ಲ. ಅಗ್ಗದ ಆಳುಗಳಿಗಾಗಿ ಅವರು ನಮ್ಮ ದೇಶದ ಕಡೆ ನೋಡಿದರು. 1845ರ ಮೇ 30ರಂದು 'ಫತೇಲ್ ರಜಾಕ್' ಎಂಬ ಹಡಗು 220ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಗೆ ಇಳಿಸಿತು. 1917ರವರೆಗೆ ಹೀಗೆ ಹೋದವರು ಸುಮಾರು 1,43,000 ಜನ. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದರಾಸಿನಿಂದಲೂ ಕೆಲವು ಹಡಗುಗಳು ಹೋದವು. ಕರಾರು ಐದು ವರ್ಷದ್ದು. ಚೀಟಿಯಿಲ್ಲದೆ ತೋಟ ಬಿಟ್ಟು ಹೊರಗೆ ಹೋದರೆ ಜೈಲು. ನಮ್ಮಲ್ಲಿ 'ಕೂಲಿ' ಎಂದರೆ ದುಡಿದದ್ದಕ್ಕೆ ಸಿಗುವ ಹಣ. ಅಲ್ಲಿ ಅದು ಮನುಷ್ಯರನ್ನು ಬೈಯುವ ಮಾತಾಯಿತು.

ಆದರೂ ಅವರು ಬಾಳು ಕಟ್ಟಿಕೊಂಡರು. ಒಂದೇ ಹಡಗಿನಲ್ಲಿ ಬಂದವರು ಜಾತಿ ಮರೆತು 'ಜಹಾಜಿ ಭಾಯಿ'ಗಳಾದರು, ಹಡಗಿನ ಅಣ್ಣತಮ್ಮಂದಿರು. ಇಂದು ಅಲ್ಲಿ ಭೋಜಪುರಿ ಮಾತಾಡುವವರು ವಯಸ್ಸಾದ ಕೆಲವರು ಮಾತ್ರ. ಆದರೆ ಅಜ್ಜಿಯನ್ನು ಈಗಲೂ 'ಆಜಿ', 'ನಾನಿ' ಎಂದೇ ಕರೆಯುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಭಾರತೀಯರನ್ನು ಕರೆತರುವ ಖರ್ಚಿನ ಒಂದು ಪಾಲು ಸರ್ಕಾರಿ ಖಜಾನೆಯಿಂದ ಹೋಗುತ್ತಿತ್ತು. ಆ ಖಜಾನೆಗೆ ಆಫ್ರಿಕನ್ನರೂ ತೆರಿಗೆ ಕಟ್ಟುತ್ತಿದ್ದರು. ತಮ್ಮ ಕೂಲಿ ಇಳಿಸಲು ತಮ್ಮದೇ ಹಣ! ಅವರ ಸಿಟ್ಟು ಒಡೆಯನ ಮೇಲಷ್ಟೇ ಅಲ್ಲ, ಹೊಸದಾಗಿ ಬಂದ ಬಡವನ ಮೇಲೂ ತಿರುಗಿತು. ಬಂದವನೂ ಅವರನ್ನು ನಂಬಲಿಲ್ಲ. 1962ರ ಆಗಸ್ಟ್ 31ರಂದು ಸ್ವಾತಂತ್ರ್ಯ ಬಂತು. ಆಫ್ರಿಕನ್ ಮೂಲದವರು, ಭಾರತೀಯ ಮೂಲದವರು ಇಂದು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿದ್ದಾರೆ. ಚುನಾವಣೆ ಬಂದರೆ ಮತಗಳು ಈಗಲೂ ಬಹುಮಟ್ಟಿಗೆ ಆ ಹಳೆಯ ಗೆರೆಯ ಎರಡು ಕಡೆಗೆ ಬೀಳುತ್ತವೆ. ಆ ದೇಶದ ಕೊನೆಯ ಮೇಲ್ಮನವಿ ಇಂದಿಗೂ ಹೋಗುವುದು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ಕೆರಿಬಿಯನ್ ನ್ಯಾಯಾಲಯದ ಕಚೇರಿ ಮಾತ್ರ ಪೋರ್ಟ್ ಆಫ್ ಸ್ಪೇನ್‌ನಲ್ಲೇ ಇದೆ!

ಆಳಿದವರು ಬಾವುಟ ಇಳಿಸಿಕೊಂಡು ಹೋಗುವುದು ಒಂದು ರಾತ್ರಿಯ ಕೆಲಸ. ಅವರು ದುಡಿಯುವ ಜನರ ನಡುವೆ ಎಬ್ಬಿಸಿದ ಗೋಡೆಯನ್ನು ಕೆಡವುವುದು ತಲೆಮಾರುಗಳ ಕೆಲಸ. ಅಲ್ಲಿಯ ಜನ ಆ ಕೆಲಸವನ್ನು ಮಾಡುತ್ತಲೇ ಇದ್ದಾರೆ. ಗುಲಾಮಗಿರಿ ಅಳಿದ ದಿನ, ಭಾರತೀಯರು ಬಂದಿಳಿದ ದಿನ, ಎರಡಕ್ಕೂ ಇಡೀ ದೇಶಕ್ಕೆ ರಜೆ.

ಮಕ್ಕಳೇ, ಇಬ್ಬರು ಬಡವರು ಜಗಳವಾಡುವುದನ್ನು ಎಲ್ಲೇ ಕಂಡರೂ, ಯಾರದು ತಪ್ಪು ಎಂದು ಕೇಳುವ ಮೊದಲು ಈ ಜಗಳದಿಂದ ಯಾರಿಗೆ ಲಾಭ ಎಂದು ಕೇಳಿ. ನಮ್ಮ ಮೇಷ್ಟ್ರು ಇಂದು ನಮ್ಮೊಂದಿಗಿಲ್ಲ. ಅವರು ಅಂದು ಉತ್ತರ ಹೇಳಿಬಿಟ್ಟಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಪ್ರಶ್ನೆ ಕೊಟ್ಟು ಕಳಿಸಿದರು. ಈ ಶಾಲೆಗೆ ನನ್ನ ಋಣ ಅದೇ.